ಉಪನಗರದಲ್ಲಿ ಐಸಿನ ಗೋಡೆ: ಭಾನುವಾರ ಸಂಜೆಯ ಬೀದಿ ಕಲೆಗೆ ಐದಕ್ಕೆ ಮೂರೂವರೆ ಅಂಕ

ಹೋಗೋರಿಗೆ ಬೇಕಾದ ವಿವರ ಮೊದಲೇ ಹೇಳಿಬಿಡ್ತೀನಿ. ಜಾಗ ಯಲಹಂಕ ಉಪನಗರ, ನಮ್ಮ ಪಾರ್ಕಿನ ಸುತ್ತಲ ರಸ್ತೆಗಳು. ನಡೆದಿದ್ದು ಮಾರ್ಚ್ ತಿಂಗಳ ಒಂದು ಭಾನುವಾರ, ಸಂಜೆ 5ರಿಂದ 7.30. ಟಿಕೆಟ್ ಇಲ್ಲ, ಕುರ್ಚಿ ಇಲ್ಲ, ಮೂತ್ರಕ್ಕೆ ಮನೆಗೇ ಬರಬೇಕು. ಸೊಳ್ಳೆ ಬೇಕಾದಷ್ಟು. ಬೀದಿಯಲ್ಲೇ ಕಲೆ ತೋರಿಸೋ ಈ ಕಾರ್ಯಕ್ರಮ ಮಾಡಿದ್ದು ಇಪ್ಪತ್ತರ ಆಸುಪಾಸಿನ ಏಳೆಂಟು ಹುಡುಗ ಹುಡುಗಿಯರ ಒಂದು ತಂಡ. ಈ ಬರಹದಲ್ಲಿ ನನ್ನ ಬೈಗುಳವೂ ಇರೋದರಿಂದ ಅವರ ಹೆಸರು ಬರೆಯಲ್ಲ.

ನಾನು 1985ರಲ್ಲಿ ಇಲ್ಲಿನ ವೀಲ್ ಅಂಡ್ ಆಕ್ಸಲ್ ಪ್ಲಾಂಟಿಗೆ ಸೇರಿದವನು. ಈಗ ಅದನ್ನ ರೈಲ್ ವೀಲ್ ಫ್ಯಾಕ್ಟರಿ ಅಂತಾರೆ. 38 ವರ್ಷ ದುಡಿದು ರಿಟೈರ್ ಆಗಿದೀನಿ. ಚಿತ್ರಸಂತೆಗೆ ಒಂದೆರಡು ಸಲ ನಮ್ಮ ಮನೆಯವರು ಎಳಕೊಂಡು ಹೋಗಿದ್ದು ಬಿಟ್ಟರೆ ಕಲೆಗೂ ನನಗೂ ಅಂಥ ಬಳಕೆ ಇಲ್ಲ. ಅವತ್ತು ಮನೆಯಿಂದ ಹೊರಟಿದ್ದು ಕೊತ್ತಂಬರಿ ಸೊಪ್ಪಿಗೆ.

ಪಾರ್ಕಿನ ಗೇಟ್ ಹತ್ತಿರ ಬಿಳಿ ಬಟ್ಟೆ ಹಾಕಿದ ಹುಡುಗಿ ಒಬ್ಬಳು ನಡೀತಿದ್ದಳು. ನಡೀತಿದ್ದಳು ಅಂದರೆ, ಒಂದು ಹೆಜ್ಜೆ ಎತ್ತಿ ಇಡೋಕೆ ಅರ್ಧ ನಿಮಿಷ. ಗೇಟಿನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ನೂರಡಿಯೂ ಇಲ್ಲ, ಅದಕ್ಕೆ ಅವಳು ತೊಗೊಂಡಿದ್ದು ಮುಕ್ಕಾಲು ಗಂಟೆ. ವಾಕಿಂಗ್ ಬರೋರ ಮೊದಲ ಪ್ರಶ್ನೆ, "ಯಾವ ಸೀರಿಯಲ್ ಶೂಟಿಂಗು?" ಕ್ಯಾಮೆರಾ ಕಾಣಿಸಲಿಲ್ಲ ಅಂದಾಗ ಎರಡನೇದು, "ಪಾಪ, ಮೈಗೆ ಏನಾದರೂ ಆಗಿದೆಯಾ?" ಎದುರು ಮನೆ ಆಂಟಿ ಚೊಂಬಲ್ಲಿ ನೀರು ತಂದು ನಿಂತೇಬಿಟ್ಟರು. ಹುಡುಗಿ ಕಣ್ಣೂ ಹೊರಳಿಸಲಿಲ್ಲ. ಬೀದಿ ನಾಯಿಗಳು ಮಾತ್ರ ಕೊನೆವರೆಗೂ ಬಿಡದೆ ನೋಡಿದವು, ಒಂದು ಅವಳ ಜೊತೆಯೇ ನಿಧಾನಕ್ಕೆ ಹೋಯಿತು. ನನಗೆ ಹತ್ತು ನಿಮಿಷಕ್ಕೆ ಸಾಕಾಯಿತು.

ನಮ್ಮೂರು ಗೌರಿಬಿದನೂರಿನ ಕಡೆ. ನಾನು ಚಿಕ್ಕವನಿದ್ದಾಗ ಹಗಲುವೇಷದವರು ಬಂದರೆ ಊರಲ್ಲೇ ಕೆಲವು ದಿನ ಬಿಡಾರ ಹಾಕೋರು. ದಿನಕ್ಕೊಂದು ವೇಷ, ಒಂದು ದಿನ ಭೀಮ, ಒಂದು ದಿನ ಸಾಧು. ವೇದಿಕೆ, ಪರದೆ ಯಾವುದೂ ಇಲ್ಲ. ನೀನು ಹಿಟ್ಟು ಬೀಸುತ್ತಾ ಕೂತಿದ್ದರೆ ಬಾಗಿಲಿಗೇ ಬಂದು ಗದೆ ಕುಟ್ಟೋರು. ಕೊನೇ ದಿನ ವೇಷ ಕಳಚಿ ಕಾಳುಕಡ್ಡಿ ಕೇಳೋಕೆ ಬರೋರು. ಇದೆಲ್ಲ ಹೊಸದು ಅಂತ ಹೇಳೋ ಹುಡುಗರಿಗೆ ಅದನ್ನ ಹೇಳಿದೆ. ಒಬ್ಬ ಬರಕೊಂಡ. ಹಗಲುವೇಷದವರಿಗೂ ಇವರಿಗೂ ಒಂದು ವ್ಯತ್ಯಾಸ ಇದೆ. ಅವರಿಗೆ ನಮ್ಮನ್ನ ನಗಿಸದೇ ಇದ್ದರೆ ಆ ರಾತ್ರಿ ಊಟ ಇರುತ್ತಿರಲಿಲ್ಲ.

ಪ್ರತಿ ಜಾಗದಲ್ಲೂ ಒಂದು ಹಾಳೆ ಅಂಟಿಸಿದ್ದರು, ಪೂರಾ ಇಂಗ್ಲಿಷು. ಅರ್ಥ ಕೇಳಿದ್ದಕ್ಕೆ ಒಬ್ಬ ಹುಡುಗ, "ಅಂಕಲ್, ಇದು ಸೈಟ್ ಸ್ಪೆಸಿಫಿಕ್ ವರ್ಕ್" ಅಂದ. ಪಕ್ಕದಲ್ಲಿದ್ದ ನನ್ನ ಸ್ನೇಹಿತರು ಥಟ್ಟನೆ, "30-40ದೋ, 40-60ದೋ?" ಅಂತ ಕೇಳಿದರು. ಅವರು ತಮಾಷೆ ಮಾಡಿದ್ದಲ್ಲ. ಬೆಂಗಳೂರಲ್ಲಿ ಸೈಟ್ ಅಂದರೆ ಇನ್ನೇನು? ಆಮೇಲೆ ಅವನೇ ಚೆನ್ನಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದ: ಈ ಕೆಲಸ ಈ ಜಾಗಕ್ಕೇ ಹುಟ್ಟಿದ್ದು, ಬೇರೆ ಕಡೆ ಎತ್ತಿಟ್ಟರೆ ಅದಕ್ಕೆ ಜೀವ ಇರಲ್ಲ. ಇಷ್ಟು ಸಲೀಸಾಗಿ ಬಾಯಲ್ಲಿ ಹೇಳೋಕೆ ಬರೋನಿಗೆ ಹಾಳೆಯಲ್ಲಿ ಬರೆಯೋಕೆ ಏನು ರೋಗ? ಒಂದು ಅಂಕ ಕಳೆದಿದ್ದು ಪೂರ್ತಿ ಅದಕ್ಕೇ.

ಮನೆಮನೆಯ ಬೋರ್‌ವೆಲ್ ಮೋಟಾರ್ ಸದ್ದು ರೆಕಾರ್ಡ್ ಮಾಡಿ ಸ್ಪೀಕರಲ್ಲಿ ಕೇಳಿಸೋ ಐಟಂ ಒಂದಿತ್ತು. ಅದು ಶುರುವಾದ ಐದೇ ನಿಮಿಷಕ್ಕೆ ಪಕ್ಕದ ಮನೆಯವರು ನಿಜವಾದ ಮೋಟಾರ್ ಹಾಕಿದರು. ಯಾವುದು ಕಲೆ, ಯಾವುದು ಸಂಪಿನ ನೀರು ಅಂತ ಗೊತ್ತಾಗದೆ ಜನ ಕದಲಿದರು.

ಇಸ್ತ್ರಿ ಗಾಡಿ ಹತ್ತಿರ ಮಾತ್ರ ನಾನು ಅರ್ಧ ಗಂಟೆ ನಿಂತೆ. ಹೊಂಗೆ ಮರದ ಕೆಳಗೆ ನಮ್ಮ ಬೀದಿಯ ಇಸ್ತ್ರಿಯವನ ಗಾಡಿ. ಎರಡು ಗಂಟೆಗೆ ಇಷ್ಟು ಅಂತ ಅವನಿಗೆ ದುಡ್ಡು ಕೊಟ್ಟಿದ್ದರು (ನಾನೇ ಕೇಳಿ ಖಾತ್ರಿ ಮಾಡಿಕೊಂಡೆ). ಒಬ್ಬ ಹುಡುಗಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ನೀವು ಮನೆಯಿಂದ ಮುದುರಿದ ಕಾಗದ ತಂದು ಕೊಟ್ಟರೆ ಅದನ್ನ ಇಸ್ತ್ರಿ ಮಾಡಿ, ಮಡಿಸಿ, ಎರಡೂ ಕೈಯಲ್ಲಿ ಕೊಡೋಳು. ಏನೂ ಕೇಳೋಳಲ್ಲ. ಅಷ್ಟೇ ಕೆಲಸ. ಜನ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರೇ ಮನೆ ಕಡೆ ಓಡಿದರು. ಹಳೇ ಲಗ್ನಪತ್ರಿಕೆ, ಮಾರ್ಕ್ಸ್ ಕಾರ್ಡ್, ಆಸ್ಪತ್ರೆ ಚೀಟಿ. ಒಬ್ಬರು ಸೂಪರ್ ಮಾರ್ಕೆಟ್ ಬಿಲ್ ಕೊಟ್ಟರು. ಅದು ಬಿಸಿಗೆ ಕಪ್ಪಾಗೋ ಕಾಗದ, ಇಸ್ತ್ರಿ ಇಟ್ಟ ಕ್ಷಣಕ್ಕೆ ಮಸಿಯಾಯಿತು, ಅಕ್ಷರ ಒಂದೂ ಉಳಿಯಲಿಲ್ಲ. ಹುಡುಗಿ ಅದನ್ನೂ ಮಡಿಸಿ ಎರಡೂ ಕೈಯಲ್ಲಿ ಕೊಟ್ಟಳು. ನಾನು ಬೀರುವಿನಿಂದ 1986ರ ಸಂಬಳದ ಚೀಟಿ ತಂದೆ. ಒಂದು ಮೂಲೆ ಸ್ವಲ್ಪ ಕಂದಾಗಿ ಬಂತು. ಬೇಜಾರಾಗಲಿಲ್ಲ.

ಈಗ ಐಸ್. ಅಂಗಡಿ ಸಾಲಿನ ಎದುರು ಹನ್ನೆರಡು ಐಸ್ ಬಾರ್ ಟೆಂಪೋದಿಂದ ಇಳಿಸಿದರು, ಮೇಲೆಲ್ಲ ಮರದ ಹೊಟ್ಟು. ಇದರಲ್ಲಿ ಗೋಡೆ ಕಟ್ಟಬೇಕು, ಕಟ್ಟೋರು ನಾವೇ, ಕಟ್ಟಿ ಬಿಟ್ಟುಬಿಡಬೇಕು. ಇದರ ಮೂಲ ಅಮೆರಿಕದ್ದು ಅಂತ ಹುಡುಗ ಹೇಳಿದ. ಮನೆಗೆ ಬಂದು ಓದಿಕೊಂಡೆ. ಅಲನ್ ಕ್ಯಾಪ್ರೋ ಅನ್ನೋ ಕಲಾವಿದ 1959ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಆಟ ಮಾಡಿ ತೋರಿಸಿದನಂತೆ, 'ಹ್ಯಾಪನಿಂಗ್' ಅಂತ ಹೆಸರಿಟ್ಟವನೂ ಅವನೇ. 1967ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ, ಲಾಸ್ ಏಂಜಲೀಸ್ ಸುತ್ತಮುತ್ತ ಬೇರೆ ಬೇರೆ ಜಾಗದಲ್ಲಿ ಐಸಿನ ಚೌಕಟ್ಟು ಕಟ್ಟಿಸಿದ. ಒಂದೊಂದೂ ಸುಮಾರು 30 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ. ಬಾಗಿಲಿಲ್ಲ, ಕಿಟಕಿಯಿಲ್ಲ. ಕಟ್ಟಿ, ಕರಗೋಕೆ ಬಿಟ್ಟು ಹೋಗೋದು.

ನಮ್ಮದು ಮೊಣಕಾಲೆತ್ತರ ಬಂತು. ಬಾರನ್ನ ಇಕ್ಕಳದಲ್ಲಿ ಹಿಡಿಯೋದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಸೊಪ್ಪಿನ ಚೀಲ ಪಕ್ಕಕ್ಕಿಟ್ಟೆ. ಸಂದಿಗೆ ಕಲ್ಲುಪ್ಪು ಹಾಕಿ ಒತ್ತಿದರೆ ಅಂಟಿಕೊಳ್ಳುತ್ತೆ ಅಂದರು. ಮೊದಲ ಸಾಲು ಅಂಟಿತು, ಆಮೇಲೆ ಬಿಸಿಲಿಗೆ ಮೈ ಬೆವೆತ ಬಾರುಗಳು ಜಾರತೊಡಗಿದವು. ಹೊಟ್ಟು ಉದುರಿಸಿ ಒರಟು ಮಾಡಿ ಅಂತ ನಾನೇ ಹೇಳಿಕೊಟ್ಟೆ. ಮಕ್ಕಳು ನೆಕ್ಕೋಕೆ ಹೋದರು. "ಅದು ಮೀನಿಗೆ ಹಾಕೋ ಐಸು ಕಣೋ!" ಅಂತ ತಾಯಂದಿರ ಕೂಗು. ಫ್ಯಾಕ್ಟರಿಯಲ್ಲಿ ನಮ್ಮ ಕೆಲಸ ಇದರ ಉಲ್ಟಾ. ಗುಜರಿ ಉಕ್ಕು ಕುಲುಮೆಯಲ್ಲಿ ಕರಗಿಸಿ, ಸುಮಾರು 1,600 ಡಿಗ್ರಿಯ ಉಕ್ಕಿನ ನೀರನ್ನ ಒತ್ತಡದಿಂದ ಗ್ರಾಫೈಟ್ ಅಚ್ಚಿಗೆ ಕೆಳಗಿನಿಂದ ಏರಿಸೋದು, ಗಟ್ಟಿಯಾಗೋವರೆಗೆ ಉಸಿರು ಹಿಡಿದು ಕಾಯೋದು. ಗಾಲಿಯಲ್ಲಿ ಒಂದು ಕೂದಲೆಳೆ ಬಿರುಕಿದ್ದರೂ ರಿಜೆಕ್ಟು. ಈ ಗೋಡೆಯಲ್ಲಿ ಬಿರುಕು ಚಟಚಟ ಅಂತ ಕೇಳಿಸ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಅದೇ ಹಿಡಿಸಿತು. ಏಳೂವರೆಗೆ ಎಲ್ಲ ಹೋದಮೇಲೂ ಕಟ್ಟೆ ಮೇಲೆ ಕೂತಿದ್ದೆ, ಒಂದು ಹಸು ಬಂದು ಮೋರಿ ಅಂಚಿನ ನೀರು ಮೂಸಿ ಹೋಯಿತು. ಕೊತ್ತಂಬರಿ ಬಾಡಿತ್ತು, ಮನೆಯಲ್ಲಿ ಬೈಸಿಕೊಂಡೆ.

"ಇದರಿಂದ ಉಪಯೋಗ ಏನು ಸಾರ್?" ಅಂತ ನಮ್ಮ ಸಂಘದಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆ ಬೊಂಬೆ ಬಿಟ್ಟಾಗ ಉಪಯೋಗ ಎದುರಿಗೇ ಕಾಣಿಸಿತು. 2019ರಲ್ಲಿ ಚಂದ್ರಯಾನ-2 ಇಳಿಯೋಕೆ ಕೆಲವೇ ದಿನ ಇದ್ದಾಗ ತುಂಗಾನಗರದ ಗುಂಡಿಗಳ ಮೇಲೆ ಗಗನಯಾತ್ರಿ ವೇಷದ ನಟನನ್ನ ನಡೆಸಿದರು, ವಿಡಿಯೊ ನೋಡಿ ದೇಶವೇ ನಕ್ಕಿತು, ಪಾಲಿಕೆ ಓಡಿ ಬಂದು ಗುಂಡಿ ಮುಚ್ಚಿತು. ಐಸಿನ ಗೋಡೆಯಿಂದ ಯಾವ ಗುಂಡಿಯೂ ಮುಚ್ಚಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಗೇಟ್ ವಿಷಯಕ್ಕೆ ಮಾತು ಬಿಟ್ಟಿದ್ದ ಇಬ್ಬರು ಒಂದೇ ಐಸ್ ಬಾರಿನ ಎರಡು ತುದಿ ಹಿಡಿದಿದ್ದನ್ನ ನಾನು ಕಣ್ಣಾರೆ ನೋಡಿದೆ. ಮಾತಾಡಿದ್ದು ಒಂದೇ, "ನಿಧಾನ, ಕಾಲು."

ಈ ಉಪನಗರಕ್ಕೆ ಇಂಥದ್ದು ಮೊದಲೂ ಅಲ್ಲ. 2012ರಲ್ಲಿ ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ಆಗೋ ಕಿರುಕುಳದ ವಿರುದ್ಧ ಕೆಲಸ ಮಾಡೋ ಜಸ್ಮೀನ್ ಪಥೇಜಾ ಅವರ ಬ್ಲಾಂಕ್ ನಾಯ್ಸ್ ತಂಡ, ಸೃಷ್ಟಿ ಕಲಾ ಕಾಲೇಜಿನ ವಿದ್ಯಾರ್ಥಿಗಳ ಜೊತೆ ಯಲಹಂಕದಲ್ಲೇ, ಹೆಣ್ಣುಮಕ್ಕಳು ಓಡಾಡೋಕೆ ಹೆದರುತ್ತಿದ್ದ ರಸ್ತೆಯಲ್ಲಿ ಮೇಜು ಕುರ್ಚಿ ಹಾಕಿ, ಟೀ ಸಮೋಸ ಇಟ್ಟು, ದಾರಿಹೋಕರನ್ನ ಕೂತು ಮಾತಾಡೋಕೆ ಕರೆದಿತ್ತು. 'ಟಾಕ್ ಟು ಮಿ' ಅಂತ ಅದರ ಹೆಸರು. ಅವತ್ತು ಶಿಫ್ಟ್ ಮುಗಿಸಿ ಸ್ಕೂಟರಲ್ಲಿ ಅದೇ ದಾರಿಯಲ್ಲಿ ಬಂದವನು ನಾನು. ಯಾವುದೋ ಕಂಪನಿ ಪ್ರಚಾರ ಅಂದುಕೊಂಡು ನಿಲ್ಲಿಸಲಿಲ್ಲ. ಅಲ್ಲಿ ಕುರ್ಚಿಯಾದರೂ ಇತ್ತು ಅನ್ನೋದನ್ನ ಈ ತಂಡದವರು ಗಮನಿಸಬೇಕು. ಅರವತ್ತು ದಾಟಿದವರನ್ನ ಎರಡೂವರೆ ಗಂಟೆ ನಿಲ್ಲಿಸೋದು ಸರಿಯಲ್ಲ. ಇನ್ನರ್ಧ ಅಂಕ ಅಲ್ಲಿ ಹೋಯಿತು.

ಮತ್ತೆ ಬಂದರೆ ಹೋಗ್ತೀನಾ? ಐಸ್ ತಂದರೆ ಖಂಡಿತ, ಗ್ಲೌಸ್ ಹಾಕಿಕೊಂಡು. ಇಸ್ತ್ರಿಯವನ ಗಾಡಿಗೆ ಈಗಲೂ ಮಕ್ಕಳು ಮುದುರಿದ ಹಾಳೆ ತರುತ್ತಿದ್ದಾರಂತೆ. ಹಾಳೆಗೆ ಐದು ರೂಪಾಯಿ ಅಂತ ರೇಟು ಹಾಕಿದಾನೆ, ಸೂಪರ್ ಮಾರ್ಕೆಟ್ ಬಿಲ್ ಮುಟ್ಟಲ್ಲ.