ಸಂಧ್ಯಾ ಸುರಕ್ಷಾ, ಸಕಾಲ: ಹಲವು ವರ್ಷ ಬಳಸಿದ ಮೇಲೆ

ಕೊಪ್ಪಳ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅತ್ತೆಯವರ ಸಂಧ್ಯಾ ಸುರಕ್ಷಾ (65 ತುಂಬಿದ ಬಡ ಹಿರಿಯರಿಗೆ ರಾಜ್ಯ ಸರ್ಕಾರ ಕೊಡುವ) ಪಿಂಚಣಿಯ ಕಾಗದಪತ್ರ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಓಣಿಯ ಒಂದಿಬ್ಬರು ಹಿರಿಯರ ಅರ್ಜಿಗಳೂ ನನ್ನ ಕೈಯಲ್ಲೇ ಆಗಿವೆ. ತಿಂಗಳಿಗೆ 1,200 ರೂಪಾಯಿ ಎಂದರೆ ಅತ್ತೆಗೆ ರಕ್ತದೊತ್ತಡದ ಮಾತ್ರೆ, ಎಲೆ ಅಡಿಕೆ, ಮೊಮ್ಮಕ್ಕಳ ಕೈಗೆ ಹತ್ತೋ ಇಪ್ಪತ್ತೋ.

ಅರ್ಜಿ ಹಾಕುವ ಭಾಗಕ್ಕೆ ಪೂರ್ತಿ ಅಂಕ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಕಾಲದ, ಅಂದರೆ ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ವ್ಯವಸ್ಥೆಯ, 15 ಅಂಕಿಯ ಸಂಖ್ಯೆಯಿರುವ ಚೀಟಿ ಕೈಗೆ ಬರುತ್ತದೆ. ಆ ಸಂಖ್ಯೆಯಿಂದ ಕಡತ ಯಾರ ಮೇಜಿನ ಮೇಲಿದೆ ಎಂದು ಮನೆಯಲ್ಲೇ ಕುಳಿತು ನೋಡಬಹುದು. 2011ರ ಸಕಾಲ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ನಮ್ಮ ಓಣಿಯಲ್ಲಿ ಕೇಳಿದವರನ್ನು ಕಾಣೆ; ಇಪ್ಪತ್ತು ರೂಪಾಯಿಗಾಗಿ ಸಾಹೇಬರ ಮುನಿಸು ಕಟ್ಟಿಕೊಳ್ಳುವವರು ಯಾರು?

ತಿರಸ್ಕಾರವಾದಾಗ ಮಾತ್ರ ಗೋಳು ಶುರು. ಪಕ್ಕದ ಮನೆಯ ಅಜ್ಜನ ಅರ್ಜಿಗೆ ಒಂದು ಕಚೇರಿಯಿಂದ ಬಂದ ಉತ್ತರ ‘ದಾಖಲೆ ಸರಿಯಿಲ್ಲ’ ಎಂಬಷ್ಟೇ. ಯಾವ ದಾಖಲೆ? ವಿಚಾರಿಸಿದಾಗ ವಯಸ್ಸಿನದು ಎಂದರು. ನಮ್ಮ ಕಡೆಯ ಹಿರಿಯರಲ್ಲಿ ಆಧಾರ್ ಪ್ರಕಾರ ಜನವರಿ 1ರಂದೇ ಹುಟ್ಟಿದವರು ಬಹಳ. ಅಂದಾಜಿನಲ್ಲಿ ಬರೆದ ಇಸವಿ 65 ತುಂಬಿದವರನ್ನು 62ಕ್ಕೆ ಇಳಿಸಿಬಿಡುತ್ತದೆ. ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆದರೆ ಕಾರಣವೇ ತಿಳಿಯದವರು ಅದರಲ್ಲಿ ಏನೆಂದು ಬರೆಯಬೇಕು? ಯಾವ ಕಾಗದ ಕಡಿಮೆ, ಯಾರಿಗೆ, ಯಾವ ತಾರೀಖಿನೊಳಗೆ ಮೇಲ್ಮನವಿ ಕೊಡಬೇಕು ಎಂಬುದನ್ನು ಅದೇ ಉತ್ತರ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿದರೆ ಅರ್ಧ ಓಡಾಟ ತಪ್ಪುತ್ತದೆ.

ಅದಕ್ಕಿಂತ ದೊಡ್ಡ ಕೊರತೆ, ಬರುತ್ತಿದ್ದ ಹಣ ನಿಂತಾಗ ಎದುರಾಗುತ್ತದೆ. ಆಗ ಹೊಸ ಅರ್ಜಿಯೇ ಇಲ್ಲವಲ್ಲ, ಹಾಗಾಗಿ ಹಿಡಿದು ಕೇಳಲು ಸಕಾಲ ಸಂಖ್ಯೆಯೂ ಇಲ್ಲ. ಅತ್ತೆಯ ಪಿಂಚಣಿ ಹೀಗೆ ತಪ್ಪಿದಾಗ ಬ್ಯಾಂಕಿನವರು ತಾಲ್ಲೂಕಿಗೆ ಹೋಗಿ ಎಂದರು, ತಾಲ್ಲೂಕಿನವರು ಬ್ಯಾಂಕಿಗೆ ಹೋಗಿ ಎಂದರು. ಕೊನೆಗೆ ಸರ್ಕಾರದ ಹಣ ಯಾವ ಖಾತೆಗೆ ಬಂತೆಂದು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಿದರೆ ಹಣ ನಿಂತೇ ಇರಲಿಲ್ಲ! ಸಂಘದ ಸಾಲಕ್ಕೆಂದು ತೆರೆದ ಇನ್ನೊಂದು ಖಾತೆಗೆ ಆಧಾರ್ ಜೋಡಣೆಯಾಗಿತ್ತು. ಆಧಾರ್ ಆಧಾರಿತ ಪಾವತಿ ಕೊನೆಯಲ್ಲಿ ಜೋಡಿಸಿದ ಖಾತೆಗೇ ಹೋಗುತ್ತದೆ. ಖಾತೆ ತೆರೆಯುವಾಗ ಯಾರೂ ಈ ಮಾತು ಹೇಳಿರಲಿಲ್ಲ. ನಿಲ್ಲಿಸುವ ಮುನ್ನ ಅಥವಾ ಖಾತೆ ಬದಲಾದಾಗ ಕನ್ನಡದಲ್ಲಿ ಒಂದು ಸಂದೇಶ, ನಿಂತದ್ದಕ್ಕೂ ಒಂದು ದೂರು ಸಂಖ್ಯೆ, ಇವೆರಡಿದ್ದರೆ ಸಾಕಿತ್ತು. ಅಧಿಕಾರಿಗಳು ಒಂದೆಡೆ ಕೂತು ದೂರು ಕೇಳುವ ಪಿಂಚಣಿ ಅದಾಲತ್‌ಗಳು ಒಳ್ಳೆಯವೇ, ಆದರೆ ಮಾತ್ರೆ ಮುಗಿದವರು ಮುಂದಿನ ಅದಾಲತ್‌ವರೆಗೆ ಕಾಯುವುದು ಹೇಗೆ?

ಐದಕ್ಕೆ ಮೂರು ಕೊಡುತ್ತೇನೆ, ಆ ಮೂರೂ ಚೀಟಿಗೆ. ಹಣ ಬರಲಿಲ್ಲವೆಂದು ಬಸ್ ಹತ್ತುವ ಮುನ್ನ ಆ್ಯಪ್‌ನಲ್ಲಿ ಯಾವ ಬ್ಯಾಂಕಿನ ಹೆಸರಿದೆ ಎಂದು ಮೊದಲು ನೋಡಿಕೊಳ್ಳಿ.