ಮೆಣಸಿನಕಾಯಿ ಹೊಲದ ಬಿಸಿಲಿಗೆ ಏನೇನು ಮಾಡಿ ನೋಡಿದೆ, ಯಾವುದು ಉಳಿಯಿತು

ನಮ್ಮ ಸಿರುಗುಪ್ಪ ಕಡೆ ಮೆಣಸಿನಕಾಯಿಯನ್ನು ಎರಡು ಮೂರು ಸಲ ಬಿಡಿಸುತ್ತೇವೆ. ಮೊದಲ ಸಲದ್ದು ಚಳಿಯಲ್ಲೇ ಮುಗಿಯುತ್ತದೆ. ಕೊನೆಯದು ಮಾರ್ಚ್‌ಗೆ ಬೀಳುತ್ತದೆ. ಎರೆ ಹೊಲ, ಸುತ್ತ ಬಯಲು, ಕೂರೋಕೆ ಒಂದು ಬೇವಿನ ಮರವೂ ಇಲ್ಲ. ಮೊಬೈಲ್‌ನಲ್ಲಿ 39 ಡಿಗ್ರಿ ಅಂತ ತೋರಿಸಿದರೆ ಅದು ನೆರಳಲ್ಲಿ ಅಳೆದ ಲೆಕ್ಕ. ನೇರ ಬಿಸಿಲಲ್ಲಿ ಬಗ್ಗಿ ನಿಂತವರಿಗೆ ಅದಕ್ಕಿಂತ 8 ಡಿಗ್ರಿವರೆಗೂ ಜಾಸ್ತಿ ಅನಿಸಬಹುದು. ಕೂಲಿಗೆ ಬರುವವರಿಗಾಗಿ ಕೆಲವು ಬೇಸಿಗೆಗಳಿಂದ ಒಂದೊಂದೇ ಉಪಾಯ ಮಾಡಿ ನೋಡುತ್ತಾ ಬಂದಿದ್ದೇನೆ.

ಮೊದಲು ನೆರಳು. ಮನೆಯಲ್ಲಿದ್ದ ತಾಡಪತ್ರಿಯನ್ನೇ ನಾಲ್ಕು ಬಿದಿರಿಗೆ ಕಟ್ಟಿದ್ದೆ. ಬಿಸಿಲು ತಡೆಯುತ್ತದೆ, ನಿಜ. ಆದರೆ ಮಧ್ಯಾಹ್ನದ ಹೊತ್ತಿಗೆ ಅದೇ ಕಾದು ತಲೆ ಮೇಲೆ ಝಳ ಬಿಡುತ್ತದೆ. ಗಾಳಿ ಬೀಸಿದರೆ ಹಾರಿಹೋಗುತ್ತದೆ ಬೇರೆ. ನರ್ಸರಿಯವರು ಬಳಸುವ ಹಸಿರು ನೆಟ್ ಇದಕ್ಕಿಂತ ಎಷ್ಟೋ ಮೇಲು. ಶೇ 50, 75, 90 ಅಂತ ಬೇರೆ ಬೇರೆ ನೆರಳಿನದು ಸಿಗುತ್ತದೆ. ನನಗೆ ಹಿಡಿಸಿದ್ದು 75ರದ್ದು. ಅದರೊಳಗೆ ಗಾಳಿ ಆಡುತ್ತದೆ. ಹಗುರ ಇರೋದರಿಂದ ಸಾಲು ಮುಂದೆ ಹೋದಂತೆ ಚಪ್ಪರವನ್ನೂ ಎತ್ತಿಕೊಂಡು ಹೋಗಬಹುದು. ಇದು ಸಣ್ಣ ವಿಷಯ ಅಲ್ಲ. ನೆರಳು ಹೊಲದ ಆ ತುದಿಯಲ್ಲಿದ್ದರೆ ಅಲ್ಲಿಗೆ ನಡೆದು ಹೋಗುವುದೇ ಒಂದು ಕೆಲಸ, ಯಾರೂ ಹೋಗುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ನೆರಳಂತೂ ಸುಮ್ನೆ ಹೆಸರಿಗೆ. ಸೂರ್ಯ ನೆತ್ತಿಗೆ ಬಂದಾಗ ಅದು ಗಾಲಿ ಸಂದಿಗೆ ಸೇರಿರುತ್ತದೆ.

ನೀರಿನಲ್ಲಿ ಮಾತ್ರ ನನ್ನ ಅಂದಾಜೆಲ್ಲ ತಲೆಕೆಳಗಾಯಿತು. 20 ಲೀಟರ್ ಪ್ಲಾಸ್ಟಿಕ್ ಕ್ಯಾನ್ ಬಿಸಿಲಲ್ಲಿಟ್ಟರೆ ಒಳಗಿನ ನೀರು ಸ್ನಾನಕ್ಕೆ ಆಗುವಷ್ಟು ಕಾಯುತ್ತದೆ. ಮಣ್ಣಿನ ಕೊಡ ತಂಪಾಗಿಡುತ್ತದೆ, ಆದರೆ ಹೊಲದ ದಾರಿಯ ಕುಲುಕಾಟಕ್ಕೆ ಒಡೆಯುತ್ತದೆ. ದುಡ್ಡು ಕೊಟ್ಟು ತಂದ ಥರ್ಮಸ್ ಥರದ ಜಗ್ ಚೆನ್ನಾಗಿದೆ, ಆದರೆ ಅಷ್ಟು ಜನಕ್ಕೆ ಎಲ್ಲಿ ಸಾಕಾಗುತ್ತದೆ? ಕೊನೆಗೆ ನಿಂತಿದ್ದು ಅದೇ ಹಳೇ ಕ್ಯಾನ್. ಅದಕ್ಕೆ ಗೋಣಿಚೀಲ ಸುತ್ತಿ, ಚೀಲ ಒಣಗದಂತೆ ಆಗಾಗ ನೀರು ಹಾಕಿ, ನೆಟ್ ಕೆಳಗೆ ಗಾಳಿಗೆ ಇಡುವುದು. ನಮ್ಮದು ಒಣ ಗಾಳಿ. ಚೀಲದ ನೀರು ಬೇಗ ಆರುತ್ತದೆ, ಆರುವಾಗ ಕ್ಯಾನಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಮಂಗಳೂರು ಕಡೆಯ ತೇವದ ಸೆಕೆಯಲ್ಲಿ ಇದು ಇಷ್ಟು ನಡೆಯಲ್ಲ.

ಆದರೂ ಹೆಣ್ಣುಮಕ್ಕಳು ನೀರು ಕುಡಿಯುತ್ತಿರಲಿಲ್ಲ! 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು ಅನ್ನುತ್ತಾರೆ ತಿಳಿದವರು. ಇವರು ಬೆಳಗಿಂದ ಮಧ್ಯಾಹ್ನದವರೆಗೆ ಗಂಟಲು ಒದ್ದೆ ಮಾಡಿಕೊಳ್ಳುವಷ್ಟು ಮಾತ್ರ. ತಂಪಾಗಿದೆ ಕುಡೀರಿ ಅಂತ ಒತ್ತಾಯ ಮಾಡಿದಾಗ ಗುಂಪಿನ ಹಿರಿಯಕ್ಕ ಕೇಳಿಯೇಬಿಟ್ಟಳು: "ಕುಡುದ್ರೆ ಎಲ್ಲಿಗೆ ಹೋಗಾನ ಅಣ್ಣಾ? ಸುತ್ತ ಬಯಲು." ಮರುದಿನ ಉಳಿದ ನೆಟ್ಟನ್ನೇ ಎರಡು ಪದರ ಮಾಡಿ, ಒಳಗೆ ಹಳೆ ಸೀರೆ ಕಟ್ಟಿ, ಬದುವಿನ ಹತ್ತಿರ ಒಂದು ಮರೆ ಮಾಡಿದೆವು. ಒಂದು ಬಕೆಟ್ ನೀರು, ಒಂದು ಮಗ್ಗು ಇಟ್ಟೆವು. ಅವತ್ತಿನಿಂದ ಕ್ಯಾನ್ ಬೇಗ ಖಾಲಿಯಾಗತೊಡಗಿತು. ಜಗ್ಗು, ಕೊಡ, ಗೋಣಿಚೀಲ ಎಲ್ಲಕ್ಕಿಂತ ಆ ಮರೆಗೇ ನಾನು ಜಾಸ್ತಿ ಅಂಕ ಕೊಡುವುದು.

ಬರೀ ನೀರೋ, ಓಆರ್‌ಎಸ್ಸೋ, ಮಜ್ಜಿಗೆಯೋ? ಹೊತ್ತಿಗೆ ಸರಿಯಾಗಿ ಉಪ್ಪು-ಖಾರದ ಬುತ್ತಿ ಉಣ್ಣುವವರಿಗೆ ಬಹಳ ಹೊತ್ತು ನೀರೇ ಸಾಕು. ಗಂಟೆಗಟ್ಟಲೆ ಬೆವರು ಸುರಿದಾಗ ಉಪ್ಪು ಬೇಕಾಗುತ್ತದೆ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್‌ಗೆ ಕಲಸಬೇಕು. ಒಂದು ಲೋಟಕ್ಕೆ ಅರ್ಧ ಪ್ಯಾಕೆಟ್ ಸುರಿದುಕೊಂಡು, ಉಪ್ಪುಪ್ಪು ಅಂತ ಉಗುಳುವವರನ್ನು ಕಂಡ ಮೇಲೆ ನಾನೇ ಕಲಸಿ ಇಡುತ್ತೇನೆ. ಆದರೂ "ಇದು ಜ್ವರದವರು ಕುಡಿಯೋದು" ಅಂತ ದೂರ ಸರಿಯುತ್ತಾರೆ. ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಮಾತ್ರ ಕೇಳಿ ಕೇಳಿ ಕುಡಿಯುತ್ತಾರೆ. 11 ಗಂಟೆಯೊಳಗೆ ಮುಗಿಸಬೇಕು ಅಷ್ಟೆ, ಆಮೇಲೆ ಹುಳಿ ಏರುತ್ತದೆ. ಬಾಟಲಿ ಕೂಲ್‌ಡ್ರಿಂಕ್ಸ್ ಲೆಕ್ಕಕ್ಕೇ ಬೇಡ.

ಬಟ್ಟೆ ವಿಷಯಕ್ಕೆ ಬಂದರೆ, ನೀರಲ್ಲಿ ಅದ್ದಿ ಹಾಕಿಕೊಳ್ಳುವ ತಂಪು ಜಾಕೆಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಬೇರೆ ಬೆಳೆಗೆ ಸರಿ ಇರಬಹುದು. ಇಲ್ಲಿ ಕಾಯಿಯ ಘಾಟು ಪುಡಿ ಒದ್ದೆ ಬಟ್ಟೆಗೆ ಅಂಟಿ, ಕುತ್ತಿಗೆ ಎಲ್ಲ ಉರಿ. ಒದ್ದೆ ಟವೆಲ್ಲೂ ಅಷ್ಟೇ: ಕಾಯಿ ಬಿಡಿಸಿದ ಕೈಯಲ್ಲಿ ಹಿಂಡಿ ಮುಖಕ್ಕೆ ಒತ್ತಿದರೆ ಕಣ್ಣು ತೆರೆಯೋಕಾಗಲ್ಲ. ಸೋಪಿನಲ್ಲಿ ಕೈ ತೊಳೆದು, ಬಿಡುವಿನಲ್ಲಿ ಮಾತ್ರ ಅದು. ಸೀರೆ ಮೇಲೆ ಗಂಡಸರ ಹಳೆ ಕಾಟನ್ ಅಂಗಿ ತೊಡುವುದನ್ನು ಅವರೇ ಮೊದಲಿಂದ ಮಾಡುತ್ತಿದ್ದಾರೆ. ಅದಕ್ಕಿಂತ ಒಳ್ಳೆಯದು ನನಗಿನ್ನೂ ಕಂಡಿಲ್ಲ.

ಇನ್ನು ಗಂಟೆ ಮತ್ತು ಕೂಲಿ. ಇವೆರಡನ್ನೂ ಬೇರೆ ಮಾಡೋಕಾಗಲ್ಲ. ತೂಕದ ಲೆಕ್ಕದಲ್ಲಿ ಕೂಲಿ ಕೊಟ್ಟಾಗ ನೆಟ್ ಕೆಳಗೆ ಒಬ್ಬರೂ ಬರಲಿಲ್ಲ. ಕೂತ ಹೊತ್ತಿಗೆ ಕಾಸಿಲ್ಲವಲ್ಲ! ದಿನಗೂಲಿಯಲ್ಲಿ "ಈಗ ಎಲ್ಲರೂ ಬನ್ನಿ" ಅಂತ ಕೂಗಿದರೆ ಬಂದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೆಲಸಕ್ಕೂ ಸೇರಿ 2005ರಿಂದಲೇ ಬಿಸಿಲಿನ ನಿಯಮ ಇದೆ. ಈಗ ಅಲ್ಲಿ 35 ಡಿಗ್ರಿ ಮುಟ್ಟಿದರೆ ಹೊಲದವರಿಗೆ ಎರಡು ಗಂಟೆಗೊಮ್ಮೆ 10 ನಿಮಿಷ ಬಿಡುವು ಕೊಡಲೇಬೇಕು. ತೂಕದ ಮೇಲೆ ದುಡಿಯುವವರಿಗೂ ಆ ಬಿಡುವಿಗೆ ಬೇರೆ ಕೂಲಿ ಕೊಡಬೇಕು ಅಂತ 2016ರಿಂದ ಕಾನೂನಿದೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ 1.30ಕ್ಕೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂತವರಿಗೇ ಇಷ್ಟು ಬೇಕಾದರೆ, ಬಯಲಲ್ಲಿ ಬಗ್ಗಿದವರಿಗೆ ಬೇಡ್ವಾ?

ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಅಂತ ಎರಡು ಪಾಳಿ ಮಾಡಿದ್ದು ನಡೆಯಲಿಲ್ಲ. ಅವರು ಬರುವುದು ಬೇರೆ ಊರಿಂದ, ನಡುವೆ ಎಲ್ಲಿಗೆ ಹೋಗುತ್ತಾರೆ? ಕೊನೆಗೆ ಹೊಂದಿಕೆಯಾದದ್ದು ಒಂದೇ ಪಾಳಿ: ಬೆಳಿಗ್ಗೆ ಆರೂವರೆಯಿಂದ ಹನ್ನೆರಡು, ಕೂಲಿ ಪೂರ್ತಿ ದಿನದ್ದು. ಕಾಯಿ ಸ್ವಲ್ಪ ಕಡಿಮೆ ಬರುತ್ತದೆ, ಸುಳ್ಳು ಹೇಳಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆ ನಂತರ ಬಿಡಿಸುತ್ತಿದ್ದದ್ದೇ ಅಷ್ಟಕ್ಕಷ್ಟೆ. ಇಬ್ಬನಿ ಬಿದ್ದ ದಿನ ಮಾತ್ರ ಕಾಯಬೇಕು, ತೇವದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಅಡುಗೆ ಮುಗಿಸಿ ಬರಲು ಅವರು ನಾಲ್ಕಕ್ಕೇ ಏಳಬೇಕು ಅನ್ನುವುದೂ ಇದೆ. ಹಾಗಿದ್ದೂ ಈ ಪಾಳಿಯನ್ನೇ ಅವರು ಆರಿಸಿಕೊಂಡರು.

ಹೊಸಬರಿಗೆ ಈ ಯಾವ ಲೆಕ್ಕವೂ ಸಾಲದು. ಮೊದಲ ದಿನ ಐದನೇ ಒಂದು ಪಾಲು ಕೆಲಸ, ಆಮೇಲೆ ದಿನಕ್ಕೊಂದು ಪಾಲು ಏರಿಸುತ್ತಾ ಹೋಗಿ ಅನ್ನುತ್ತದೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಒಎಸ್‌ಎಚ್. ಪಕ್ಕದ ಹೊಲದಲ್ಲಿ ಮೂಟೆ ಹೊರಲು ಹೊಸದಾಗಿ ಬಂದ ಹುಡುಗ ಮಧ್ಯಾಹ್ನದ ಹೊತ್ತಿಗೆ ತೊದಲತೊಡಗಿದ, ಸಂಬಂಧವಿಲ್ಲದ ಮಾತಾಡಿದ. ಅಲ್ಲಿದ್ದವರು ಮುಖಕ್ಕೆ ನೀರು ಚಿಮುಕಿಸಿ ಕೂರಿಸಿದ್ದರು. ಅದು ಸಾಲದು. ಮಾತು ತಪ್ಪಿತು ಅಂದರೆ ನೆರಳಲ್ಲಿ ಮಲಗಿಸಿ, ಅಂಗಿ ಸಡಿಲಿಸಿ, ಮೈತುಂಬ ನೀರು ಸುರಿಯುತ್ತಾ ಗಾಳಿ ಹಾಕಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬಾರದು. ಒಬ್ಬರು ಸುರಿಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ನಾವೂ ಹಾಗೇ ಮಾಡಿದೆವು, ಹುಡುಗ ಉಳಿದ. ಈಗ ನಮ್ಮ ಹೊಲದಲ್ಲಿ ಸುರಿಯೋಕೆ ಅಂತಲೇ ಒಂದು ಕ್ಯಾನ್ ಬೇರೆ ಇರುತ್ತದೆ, ಅದಕ್ಕೆ ಕೆಂಪು ಬಣ್ಣ ಹಚ್ಚಿದ್ದೇವೆ.