ಟ್ರ್ಯಾಪ್ ಸ್ಟಾಕ್‌ನ ಕೋವಿ ಬೇಟೆಗೂ ಆದೀತು ಎಂದುಕೊಂಡವರು ಗರಗಸ ಎತ್ತುವ ಮೊದಲು ಓದಿ

ಟ್ರ್ಯಾಪ್‌ಗೂ (ಗಾಳಿಗೆ ಚಿಮ್ಮುವ ಮಣ್ಣಿನ ಬಿಲ್ಲೆಗಳಿಗೆ ಹೊಡೆಯುವ ಆಟ) ಬೇಟೆಗೂ ಆಗುತ್ತದೆ ಎಂದು ನಂಬಿಸಿ ಮಾರಿದ ಶಾಟ್‌ಗನ್ ಒಂದರ ಗತಿ ಇದು. ಅದರ ಸ್ಟಾಕ್, ಅಂದರೆ ಹೆಗಲಿಗೆ ಒರಗುವ ಹಿಂದಿನ ಮರದ ಭಾಗ, ಮಾಂಟೆ ಕಾರ್ಲೊ ಮಾದರಿಯದು. ಕೆನ್ನೆ ಒರಗುವ ಕೋಂಬ್ ಎತ್ತರವಾಗಿ, ಉದ್ದಕ್ಕೂ ಮಟ್ಟಸ. ಟ್ರ್ಯಾಪ್‌ನಲ್ಲಿ ಬಿಲ್ಲೆಗಳು ಪುಡಿಪುಡಿ. ಬೇಟೆಗೆ ಒಯ್ದರೆ ತಗ್ಗಿನಲ್ಲಿ ಹಾರುವ ಹಕ್ಕಿಯೂ ಪಾರು, ಓಡುವ ಮೊಲವೂ ಪಾರು. ಮಾಲೀಕ ಮೊದಲು ತೋಟೆ ಬದಲಿಸಿದ, ಆಮೇಲೆ ಚೋಕ್ (ಚರೆಯ ಹರವು ಕಿರಿದಾಗಿಸುವ ನಳಿಗೆ ತುದಿಯ ಬಿಗಿತ), ಕೊನೆಗೆ ಸ್ಟಾಕ್‌ನ ಬುಡವನ್ನೇ 1 ಇಂಚು ಕೊಯ್ದ. ಈಡು ಮಾತ್ರ ಮೇಲೆಯೇ ಹೋಯಿತು. ಜೊತೆಗೆ ಪ್ರತಿ ಈಡಿಗೂ ಹೆಬ್ಬೆರಳು ಮೂಗಿಗೆ ಗುದ್ದತೊಡಗಿತು.

ಶಾಟ್‌ಗನ್‌ಗೆ ಹಿಂದಿನ ಗುರಿಕಣ್ಣು ಇರುವುದಿಲ್ಲ, ಹೊಡೆಯುವವನ ಕಣ್ಣೇ ಆ ಕೆಲಸ ಮಾಡುತ್ತದೆ. ಅದನ್ನು ಎತ್ತರದಲ್ಲಿ ನಿಲ್ಲಿಸುವುದು ಕೋಂಬ್. ಟ್ರ್ಯಾಪ್ ಬಿಲ್ಲೆ ಏರುತ್ತಾ ಹೋಗುವುದರಿಂದ ಆ ಕೋವಿಗಳು ಬೇಕೆಂದೇ ಎತ್ತರಕ್ಕೆ ಹೊಡೆಯುತ್ತವೆ: 70/30 ಹರವು (ನೂರಕ್ಕೆ 70 ಚರೆ ಗುರಿಯ ಮೇಲೆ, 30 ಕೆಳಗೆ) ಎಂದರೆ 40 ಗಜದಲ್ಲಿ ಹರವಿನ ನಡು ಸುಮಾರು 6 ಇಂಚು ಮೇಲೆ. ಬೇಟೆಗೆ 50/50, ಹೆಚ್ಚೆಂದರೆ 60/40 ಸಾಕು. ಇಳಿಜಾರಾದ ಸಾದಾ ಕೋಂಬ್‌ನಲ್ಲಿ ಕೆನ್ನೆ ಹಿಂದೆ ಮುಂದೆ ಸರಿದರೆ ಕಣ್ಣಿನ ಎತ್ತರ ಬದಲಾಗುತ್ತದೆ. ಮಟ್ಟಸವಾದದ್ದರಲ್ಲಿ ಎಲ್ಲಿ ಒರಗಿದರೂ ಎತ್ತರ ಅಷ್ಟೇ. ಹಾಗಾಗಿ ಆ 1 ಇಂಚು ದಂಡವಾಯಿತು; ಮುಖ ಮಾತ್ರ ಕೈಗೆ ಹತ್ತಿರವಾಯಿತು.

ಮೊದಲು ಮಾಡಬೇಕಾದದ್ದು ಕಾಗದದ ಪರೀಕ್ಷೆ. 16 ಗಜ ದೂರದಲ್ಲಿ ದೊಡ್ಡ ಹಾಳೆ, ನಡುವೆ ಒಂದು ಚುಕ್ಕೆ, ಬಿಗಿಯಾದ ಚೋಕ್. ರೈಫಲ್‌ನಂತೆ ಗುರಿ ಕಟ್ಟಬೇಡಿ, ಕೋವಿ ಹೆಗಲಿಗೇರಿದ ಕ್ಷಣವೇ ಹೊಡೆಯಿರಿ. ಅದೇ ಹಾಳೆಗೆ ನಾಲ್ಕೈದು ಈಡು ಬಿದ್ದರೆ ನಡು ಎಲ್ಲಿದೆ ಎಂಬುದು ಕಾಣುತ್ತದೆ. ಕೋಂಬ್ 1/16 ಇಂಚು ಬದಲಾದರೆ ಈ ದೂರದಲ್ಲಿ ಹೆಚ್ಚುಕಡಿಮೆ 1 ಇಂಚಿನ ವ್ಯತ್ಯಾಸ. 2 ಇಂಚು ಮೇಲಿದ್ದರೆ 1/8 ಇಂಚು ಇಳಿಸಿ. ರಿಸೀವರ್ (ನಳಿಗೆಯ ಹಿಂದಿನ ಲೋಹದ ಭಾಗ) ಮತ್ತು ಸ್ಟಾಕ್ ನಡುವೆ ಶಿಮ್ (ತೆಳು ಪಟ್ಟಿ) ಹಾಕುವ ಏರ್ಪಾಡಿದ್ದರೆ ಮರ ಮುಟ್ಟುವುದೇ ಬೇಡ.

ಒಂದೇ ಕೋವಿಯಲ್ಲಿ ಎರಡೂ ಆಗಲೇಬೇಕೆಂದರೆ ಏರಿಳಿಸುವ ಕೋಂಬ್ ಕೊಳ್ಳಿ. ತೂಕ ಸ್ವಲ್ಪ ಹೆಚ್ಚು, ಆದರೆ ತಪ್ಪು ಮಾಡಿದರೂ ತಿದ್ದಬಹುದು. ಬರೀ ಬೇಟೆಗಾದರೆ ಸಾದಾ ಫೀಲ್ಡ್ ಸ್ಟಾಕ್: ಟ್ರಿಗರ್‌ನಿಂದ ಬುಡದವರೆಗೆ ಉದ್ದ 14ರಿಂದ 14½ ಇಂಚು, ನಳಿಗೆಯ ಮೇಲ್ಗೆರೆಯಿಂದ ಇಳಿತ ಕೋಂಬ್ ಮೂಗಿನಲ್ಲಿ (ಮುಂದಿನ ತುದಿ) 1½, ಹಿಮ್ಮಡಿಯಲ್ಲಿ (ಬುಡದ ಮೇಲ್ತುದಿ) 2½ ಇಂಚಿನ ಆಸುಪಾಸು. ದಪ್ಪ ಕೋಟು ತೊಡುವವರು ಉದ್ದವನ್ನು ¼ ಇಂಚು ತಗ್ಗಿಸಲಿ, ಇಲ್ಲದಿದ್ದರೆ ಬುಡ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ. ನೇರ ಹಿಡಿ ಎರಡು ಟ್ರಿಗರ್‌ನ ಜೋಡುನಳಿಗೆಗೆ ಹೇಳಿಮಾಡಿಸಿದ್ದು, ಕೈ ಹಿಂದಕ್ಕೆ ಜಾರಬಲ್ಲದು. ಹೆಬ್ಬೆರಳ ತೂತಿನ ಸ್ಟಾಕ್ ನೋಡಲು ಚೆಂದ, ಆದರೆ ಮೇಲಿನ ಸೇಫ್ಟಿ ಸರಿಸಲು ಬೆರಳು ಹೊರಬರಬೇಕು. ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಉದ್ದ ಹೊಂದಿಸುವ ಕೊಳವೆ ಸ್ಟಾಕ್‌ನಲ್ಲಿ ಕೋಂಬ್‌ನ ಎತ್ತರ ಹೊಂದದು.

ಕೊಯ್ಯಲೇಬೇಕಾದರೆ ಹಳೆಯ ಬುಡದ ಓರೆಗೆ ಸರಿಸಮವಾಗಿ ಕೊಯ್ಯಿರಿ. ಓರೆ ತಪ್ಪಿದರೆ ಬುಡ ಹೆಗಲಿನಿಂದ ಜಾರುತ್ತದೆ. ಮರಳಿ ಜೋಡಿಸಿದ ಮೇಲೆ ಸ್ಟಾಕ್ ಬೋಲ್ಟ್ ನೋಡಿಕೊಳ್ಳಿ: ಸಡಿಲವಿದ್ದರೆ ಈಡಿನ ಹೊಡೆತಕ್ಕೆ ರಿಸೀವರ್ ಸೇರುವಲ್ಲೇ ಮರ ಸೀಳುತ್ತದೆ.